ಬ್ಯಾರನ್ನಿನ ತಣ್ಣನೆಯ ಮೂಲೆ

ದೆವ್ವ, ಗಾಳಿ, ಶಕುನ ಅಂದರೆ ನಗುತ್ತಿದ್ದವನು ನಾನು. ಕಂಪ್ಯೂಟರಿನಲ್ಲಿ ಏನಾದರೂ ವಿಚಿತ್ರ ಕಂಡರೆ ನಾವು ಕೊಟ್ಟ ಅಂಕಿಯೇ ತಪ್ಪಿರುತ್ತದೆ, ಅದರಾಚೆ ಹುಡುಕಬೇಡಿ ಎಂದು ವಿದ್ಯಾರ್ಥಿಗಳಿಗೂ ಹೇಳುತ್ತಿದ್ದೆ. ಈಗ ಅಷ್ಟು ಜೋರಾಗಿ ಹೇಳುವುದಿಲ್ಲ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪನ್ನು ಗಳಕ್ಕೆ ನೇತುಹಾಕಿ ಬೇಯಿಸುವ ಕೋಣೆಗಳಿಗೆ, ಅಂದರೆ ಬ್ಯಾರನ್‌ಗಳಿಗೆ ಸೌದೆ ಸಿಗುವುದೇ ಕಷ್ಟವಾಗಿತ್ತು. ಕಲ್ಲಿದ್ದಲಿನ ಜೊತೆ ಕಾಫಿ ಹೊಟ್ಟು ಸೇರಿಸಿ ಉರಿಸಿದರೆ ಒಳಗೆ ಶಾಖ ಹೇಗೆ ಹರಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ನನ್ನ ಸಂಶೋಧನೆ. ಜವರಯ್ಯ, ನಿಂಗಮ್ಮ ಎಂಬ ದಂಪತಿಯ ಬ್ಯಾರನ್ನನ್ನು ಟೇಪು ಹಿಡಿದು ಅಳೆದುಕೊಂಡು ಬಂದೆ. ಗೋಡೆ, ಒಲೆ, ಬಿಸಿ ಹೊಗೆ ಹಾಯುವ ಕೊಳವೆ, ಇಷ್ಟೇ ನಾನು ಕಂಪ್ಯೂಟರಿಗೆ ಕೊಟ್ಟದ್ದು.

ಪರದೆಯ ಮೇಲೆ ಇಡೀ ಕೋಣೆ ಕೆಂಪಗೆ ಬಂತು. ಈಶಾನ್ಯ ಮೂಲೆಯಲ್ಲಿ ಮಾತ್ರ ಮೊರದಗಲ ನೀಲಿ. ಅಲ್ಲಿ ತಣ್ಣಗಿರಲು ಕಾರಣವೇ ಇರಲಿಲ್ಲ. ನಾಲ್ಕು ಸಲ ಲೆಕ್ಕ ತಿದ್ದಿದರೂ ನೀಲಿ ಹೋಗಲಿಲ್ಲ. ಆ ಮೂಲೆ ಸರಿಮಾಡದೆ ವರದಿ ಒಪ್ಪುವುದಿಲ್ಲ ಎಂದರು ನಮ್ಮ ಗೈಡು.

ಪ್ರಿಂಟು ಹಿಡಿದು ಬಸ್ಸು ಹತ್ತಿದೆ. ಬ್ಯಾರನ್ನಿನ ಒಲೆ ಉರಿಯುತ್ತಿದ್ದ ಆ ಸಂಜೆ ಕೋಲಿಗೆ ಥರ್ಮಾಮೀಟರು ಕಟ್ಟಿ ಮೂಲೆಗೆ ಹಿಡಿದರೆ ನಿಜಕ್ಕೂ ಅಲ್ಲಿ ತಂಪು. ಲೆಕ್ಕ ಗೆದ್ದಿತೆಂದು ಖುಷಿಯೇ ಆಯಿತು. ಇಲ್ಲಿಗೊಂದು ಕೊಳವೆ ತಿರುಗಿಸಿಬಿಡೋಣ ಎಂದು ಜವರಯ್ಯನವರಿಗೆ ಹೇಳಿದೆ. ಅವರು ಹೆಂಡತಿಯ ಮುಖ ನೋಡಿದರು.

"ಬ್ಯಾಡಿ ಸಾ," ಎಂದರು ನಿಂಗಮ್ಮ. "ಆ ಮೂಲೆಗೆ ಬೆಂಕಿ ತರ್ಬ್ಯಾಡಿ. ನಮ್ ಮಗ ಮಲಗೋ ಜಾಗ ಅದು."

ಒಲೆ ಹಚ್ಚುವ ಮೊದಲು, ಹೊರಗೆ ಹೆಂಗಸರು ಸೊಪ್ಪು ಕಟ್ಟುವಾಗ, ಕೂಸುಗಳನ್ನು ಬ್ಯಾರನ್ನಿನ ತಂಪಿನಲ್ಲಿ ಮಲಗಿಸುವುದು ಅವರ ರೂಢಿ. ಗಳಕ್ಕೆ ಸೀರೆ ಕಟ್ಟಿದರೆ ತೊಟ್ಟಿಲಾಯಿತು. ಅವರ ಚೊಚ್ಚಲ ಮಗು ಆ ಮೂಲೆಯಲ್ಲೇ ಮಲಗುತ್ತಿತ್ತು. ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಹೋಯಿತಂತೆ. ಅಂದಿನಿಂದ ಆ ಮೂಲೆ ಬಿಸಿಯಾಗಿಲ್ಲ.

"ಮಗ ಮಲಗವ್ನೆ ಅಂತ ಬೆಂಕಿಗೂ ಗೊತ್ತು ಕಣ್ ಸಾ. ನಿಮ್ ಕಂಪ್ಯೂಟ್ರಿಗೆ ಯಾರೇಳುದ್ರು?"

ಆಕೆ ಪ್ರಿಂಟಿನ ನೀಲಿಯ ಮೇಲೆ ಕೂಸಿನ ತಲೆ ಸವರಿದಂತೆ ಬೆರಳಾಡಿಸಿದರು. ಆ ಕಾಗದ ತನಗೆ ಬೇಕೆಂದರು, ಕೊಟ್ಟುಬಿಟ್ಟೆ. ನನಗೂ ಕಣ್ಣು ತುಂಬಿತ್ತು, ಅದನ್ನು ಒಲೆಯ ಹೊಗೆಯ ಮೇಲೆ ಹಾಕಿದೆ. ಗೋಡೆಯ ಬಿರುಕಿನಿಂದ ಗಾಳಿ ನುಗ್ಗುತ್ತಿದೆ, ಕೊಳವೆ ಬೇಕಿಲ್ಲ ಎಂದು ವರದಿಯಲ್ಲಿ ಬರೆದೆ. ಬಿರುಕು ಇರಲಿಲ್ಲ. ನಾನು ತಿಳಿದೂ ತಿಳಿದೂ ಬರೆದ ಸುಳ್ಳು ಅದೊಂದೇ.

ಕಳೆದ ತಿಂಗಳು ಹಳೆಯ ಸಿ.ಡಿ. ಸಿಕ್ಕಿತು. ಅದೇ ಲೆಕ್ಕವನ್ನು, ಒಂದು ಅಂಕಿಯನ್ನೂ ಬದಲಿಸದೆ, ಮತ್ತೆ ಓಡಿಸಿದೆ. ಇಡೀ ಕೋಣೆ ಕೆಂಪು. ನೀಲಿ ಎಲ್ಲೂ ಇಲ್ಲ. ಹೇಗೆ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ನಿಂಗಮ್ಮ ಹೇಗಿದ್ದಾರೆ ಎಂದು ವಿಚಾರಿಸಲು ಜವರಯ್ಯನವರ ನಂಬರು ಹುಡುಕಿಟ್ಟುಕೊಂಡಿದ್ದೇನೆ. ಮಗನನ್ನು ತಾಯಿ ಜೊತೆಗೇ ಕರೆದುಕೊಂಡು ಹೋಗಿರಬಹುದೇ ಎಂಬ ಅಳುಕಿಗೆ ಇನ್ನೂ ಫೋನ್ ಮಾಡಿಲ್ಲ.