ಎಡಕ್ಕೆ ಬಂದ ಗೇರು

ಸಿದ್ದಾಪುರದಲ್ಲಿದ್ದ ನನ್ನ ಸೋದರಮಾವ ದನದ ಆಸ್ಪತ್ರೆಯ ಕಂಪೌಂಡರ್. ಅವನನ್ನು ಹಳ್ಳಿಹಳ್ಳಿ ಸುತ್ತಿಸಿದ ಬುಲೆಟ್ಟು, ಅವನು ನಿವೃತ್ತನಾಗುವ ಹೊತ್ತಿಗೆ ಎಂಜಿನ್ ಜಾಮಾಗಿ ಕಟ್ಟಿಗೆಮನೆ ಸೇರಿತು. ಸೀಟಿನ ಸ್ಪಂಜು ಇಲಿಗಳ ಪಾಲಾಯಿತು, ಸೈಲೆನ್ಸರಿನಲ್ಲಿ ಕಣಜ ಗೂಡು ಕಟ್ಟಿತು. ಮಾವ ಬಸ್ಸಿಗೆ ಕಾಯುವವನಾದ. ಪೆನ್ಶನ್ ಬರುತ್ತಿದ್ದರೂ ಹೊಸ ಗಾಡಿ ಕೊಳ್ಳದ ಅವನನ್ನು ನಾವೆಲ್ಲ ಜುಗ್ಗನೆಂದು ಆಡಿಕೊಂಡೆವು. ಹಿಂದೆಂದೋ ಎಮ್ಮೆಯೊಂದು ಒದ್ದಾಗಿನಿಂದ ಅವನ ಎಡಪಾದವನ್ನು ಕೆಳಕ್ಕೆ ಒತ್ತಲು ಬರುತ್ತಿತ್ತು, ಮೇಲಕ್ಕೆ ಎತ್ತಲು ಬರುತ್ತಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಯೋಚಿಸುವ ವ್ಯವಧಾನ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಯಲ್ಲಾಪುರದಲ್ಲಿ ನೌಕರಿಗಿದ್ದ ನನಗೆ ಹಳೆ ಗಾಡಿಯ ಹುಚ್ಚು ಹಿಡಿಯಿತು. ಹೋಗಿ ಕೇಳಿದೆ. ಮಾವ ಒಂದೇ ಕರಾರು ಹಾಕಿದ, ಮೊದಲ ಸವಾರಿ ತನ್ನದೆಂದು.

“ತಗಂಡು ಹೋಗು ತಮಾ. ಸರಿ ಆದ್ಮೇಲೆ ಸುರುವಿಗೆ ಸಿದ್ದಾಪುರಕ್ಕೆ ಆನೇ ಹೊಡಕಂಡು ಬತ್ತೆ. ಮುಂದೆ ನಿಂದೇಯ.”

ಟೆಂಪೋದಲ್ಲಿ ಗಾಡಿ ಹೇರಿಕೊಂಡು ಹೊರಟವನು ಶಿರಸಿಯಲ್ಲಿ ಚಾ ಕುಡಿಯಲು ನಿಲ್ಲಿಸಿದ್ದೇ ತಪ್ಪಾಯಿತು. ಬಾಯಿತುಂಬ ಎಲೆಅಡಿಕೆಯ ಕವಳ ಹಾಕಿಕೊಂಡವರು ಸುತ್ತ ನೆರೆದು, ರಸ ಚೆಲ್ಲದಂತೆ ಗಲ್ಲ ಮೇಲೆತ್ತಿ ಸಲಹೆ ಕೊಡತೊಡಗಿದರು. ಒಬ್ಬ ಹ್ಯಾಂಡಲ್ ಎತ್ತರಿಸು ಎಂದ. ಇನ್ನೊಬ್ಬ, ಸೈಲೆನ್ಸರ್ ಬದಲಿಸಿದರೆ ಶಬ್ದ ಬನವಾಸಿಗೆ ಕೇಳುತ್ತದೆ ಎಂದ. ಇವರಲ್ಲಿ ಅರ್ಧ ಜನಕ್ಕೆ ತಪ್ಪಿದ ಸೈಕಲ್ ಚೈನು ಹಾಕಲು ಬಾರದು. ನಾನು ಎಲ್ಲವನ್ನೂ ವೇದವಾಕ್ಯದ ಹಾಗೆ ಕೇಳಿಸಿಕೊಂಡೆ.

ಯಲ್ಲಾಪುರದಾಚೆ ಹುಬ್ಬಳ್ಳಿ ರಸ್ತೆಯಲ್ಲಿರುವ ಕಿರವತ್ತಿಯ ಢಾಬಾದ ಪಕ್ಕ ಲಾರಿ ರಿಪೇರಿ ಮಾಡುವ ಮೇಸ್ತ್ರಿಯೊಬ್ಬನಿದ್ದ. ಮೈಮುರಿದು ದುಡಿಯುವವ. ಕೆಲವೇ ತಿಂಗಳಲ್ಲಿ ಎಂಜಿನ್ನಿಗೆ ಜೀವ ಬರಿಸಿದ. ಅವನು ಅಲ್ಲಿಗೇ ನಿಲ್ಲಿಸುತ್ತಿದ್ದ, ನಿಲ್ಲಿಸದವನು ನಾನು. ಟ್ಯಾಂಕಿನ ಮೇಲೆ ಬೆಂಕಿಯ ಜ್ವಾಲೆ ಬರೆಸಿದೆ. ಹ್ಯಾಂಡಲ್ಲು ಎಷ್ಟು ಎತ್ತರವಾಯಿತೆಂದರೆ, ಹಿಡಿದು ಕೂತರೆ ಪೊಲೀಸರಿಗೆ ಶರಣಾದ ಕಳ್ಳನಂತೆ ಕಾಣುತ್ತಿದ್ದೆ. ಹಳೆ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸ ಗಾಡಿಗಳಲ್ಲಿ ಕಲಿತ ನನಗೆ ಅದು ತೊಡಕೆನಿಸಿ ಎರಡನ್ನೂ ಅದಲುಬದಲು ಮಾಡಲು ಹೇಳಿದೆ.

“ಹಳೇ ಮಂದಿ ಯಾರರ ಹೊಡಿಯೋರು ಅದಾರೇನ್ರಿ?” ಎಂದು ಮೇಸ್ತ್ರಿ ಕೇಳಿದ.

ಒಬ್ಬರಿದ್ದಾರೆ, ಒಂದು ದಿನದ ಮಟ್ಟಿಗೆ, ಹೊಂದಿಕೊಳ್ಳುತ್ತಾರೆ ಎಂದೆ.

ಗಾಡಿ ಸಿದ್ಧವಾದ ಸುದ್ದಿ ಮುಟ್ಟಿದ್ದೇ ಮಾವ ಮೊದಲ ಬಸ್ಸಿಗೆ ಹೊರಟು ಕಿರವತ್ತಿಗೆ ಬಂದಿಳಿದ. ಇಸ್ತ್ರಿ ಹಾಕಿದ ಪ್ಯಾಂಟು, ಪಾಲಿಶ್ ಮಾಡಿದ ಬೂಟು. ಜ್ವಾಲೆಯ ಮೇಲೊಮ್ಮೆ ಕೈಯಾಡಿಸಿ ಗಾಡಿ ಹತ್ತಿದ. ಒಂದೇ ಕಿಕ್ಕಿಗೆ ಎಂಜಿನ್ ಶುರುವಾದಾಗ ಅವನ ಮುಖ ಅರಳಿದ್ದನ್ನು ನೋಡಿ ನನಗೂ ಖುಷಿಯಾಯಿತು. ಅವನ ಬಲಗಾಲು ಗೇರು ಹುಡುಕಿತು, ಸಿಕ್ಕಿದ್ದು ಬ್ರೇಕು. ನಾನು ದೊಡ್ಡ ಮಾಸ್ತರನ ಹಾಗೆ ವಿವರಿಸಿದೆ: ಗೇರು ಎಡಕ್ಕೆ ಬಂದಿದೆ, ಒತ್ತಿದರೆ ಒಂದನೆಯದು, ಉಳಿದವಕ್ಕೆಲ್ಲ ಕಾಲ್ಬೆರಳಿನಿಂದ ಎತ್ತಬೇಕು.

ಮಾವ ಒತ್ತಿದ. ಗಾಡಿ ಹೊರಟಿತು. ಎರಡನೆಯದಕ್ಕೆಂದು ಬೂಟನ್ನು ಲಿವರಿನ ಅಡಿಗೆ ತೂರಿಸಿದ. ಪಾದ ಏಳಲಿಲ್ಲ. ಒಂದು ಕೈ ಬಿಟ್ಟು, ಮೊಣಕಾಲಿನ ಬಳಿ ಪ್ಯಾಂಟು ಹಿಡಿದು ಕಾಲನ್ನೇ ಮೇಲಕ್ಕೆಳೆದ. ಆಗಲೂ ಗೇರು ಬೀಳಲಿಲ್ಲ. ಒಂದನೇ ಗೇರಿನಲ್ಲಿ ಗೊರಗೊರ ಎನ್ನುತ್ತ ಢಾಬಾದ ಅಂಗಳ ಒಂದು ಸುತ್ತು ಬಂದು, ಎಂಜಿನ್ ಬಂದ್ ಮಾಡಿ ಇಳಿದ.

“ಎಂಗೆ ಹೊಡಿಯಲೆ ಆಗ್ತಿದ್ದ ಗಾಡಿ ಇದೊಂದೇ ಇದ್ದಿತ್ತು ತಮಾ” ಎಂದ, ತನ್ನ ಎಡಗಾಲು ತೋರಿಸಿ.

ಮೊದಲಿನಂತೆ ಮಾಡಿಕೊಡು ಎಂದು ಮೇಸ್ತ್ರಿಗೆ ಗೋಗರೆದೆ. ಕೊಯ್ದು ಬೆಸುಗೆ ಹಾಕಿ ಆಗಿದೆ ಎಂದು ಅವನು ತಲೆ ತಗ್ಗಿಸಿದ. ಹಾಗಾದರೆ ಹಿಂದೆ ಕೂರು ಮಾವ, ನಾನೇ ಬಿಡುತ್ತೇನೆ ಎಂದೆ. ಮಾವ ಗಾಡಿಯ ಹಿಂಭಾಗ ನೋಡಿದ. ನಾನೂ ನೋಡಿದೆ. ಚಂದಕ್ಕೆಂದು ಹಿಂದಿನ ಸೀಟನ್ನೇ ತೆಗೆಸಿ ಹಾಕಿದ್ದೆ.

ಅವನು ಹುಬ್ಬಳ್ಳಿ ಕಡೆಯಿಂದ ಬಂದ ಬಸ್ಸು ಹತ್ತಿದ. ನಾನು ಅದರ ಹೊಗೆ ಕುಡಿಯುತ್ತ ಹಿಂದೆ ಹಿಂದೆ ಬಂದೆ. ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮಾವನ ಹತ್ತಿರ ಏನಾದರೂ ಹೇಳಬೇಕೆಂದು ಗಾಡಿ ನಿಲ್ಲಿಸಿದರೆ, ಜನ ಮುತ್ತಿಕೊಂಡು ಎಲ್ಲಿ ಮಾಡಿಸಿದ್ದು, ಹೇಗೆ ಮಾಡಿಸಿದ್ದು ಎಂದು ಕೇಳತೊಡಗಿದರು. ನಾಚಿಕೆಗೆಟ್ಟ ನಾನು ಹ್ಯಾಂಡಲ್ಲಿನಿಂದ ಶುರು ಮಾಡಿದೆ. ಬಸ್ಸಿನ ಕಿಟಕಿಯಿಂದ ಮಾವ ನೋಡುತ್ತಿದ್ದ. ಬಸ್ಸು ಹೊರಟಿತು. ನಾನಿನ್ನೂ ಗೇರಿನ ವಿಷಯ ಹೇಳುತ್ತಿದ್ದೆ.