ಹಲ್ಲಿನಿಂದ ಕಟ್ಟಿದ ಗಂಟು

ಸ್ತೋಯ್ಕಾ ಗಾನೆವಾ ಬರುತ್ತಿದ್ದಾಳೆಂದರೆ ದಾನ್ಯೂಬ್ ದಂಡೆಯ ನಮ್ಮ ಊರಿನಲ್ಲಿ ಮೀಸೆ ಬಂದ ಗಂಡಸರೂ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಶಾಲೆಯಲ್ಲಿ ಲೆಕ್ಕ ಕಲಿಸುತ್ತಲೇ ತಲೆ ನರೆಸಿಕೊಂಡವಳು. ಮೇಯರನಿಂದ ಹಿಡಿದು ಮೀನು ಮಾರುವವನವರೆಗೆ ಎಲ್ಲರೂ ಅವಳಿಂದ ಬೈಸಿಕೊಂಡು ಬೆಳೆದವರೇ. ಎದುರಿಗಿದ್ದವರ ನೀರಿಳಿಸದೆ ಅವಳಿಗೆ ಬೆಳಗಿನ ಕಾಫಿ ರುಚಿಸುವುದಿಲ್ಲ. ಶಿಕ್ಷಕರ ಕೋಣೆಯಲ್ಲಿ ಮಕ್ಕಳ ಕಾಟದ ಮಾತು ಬಂದಾಗಲೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು: "ನನ್ನ ಕ್ಲಾಸಲ್ಲಿ ಯಾರೂ ಯಾರನ್ನೂ ಗೋಳು ಹೊಯ್ಕೊಳಲ್ಲ. ಹೊಯ್ಕೊಳೋದೇನಿದ್ರೂ ನಾನೇ." ಎಲ್ಲರೂ ನಗುತ್ತಿದ್ದರು. ನಗದಿದ್ದರೆ ಮುಂದಿನ ಸರದಿ ತಮ್ಮದೆಂದು ಅವರಿಗೂ ಗೊತ್ತಿತ್ತು.

ಆ ವರ್ಷ ಏಳನೇ ತರಗತಿಗೆ ಅವಳೇ ಕ್ಲಾಸ್ ಟೀಚರು. ಆ ತರಗತಿಯಲ್ಲಿ ನೆವೆನಾ ಎಂಬ ಹುಡುಗಿಯಿದ್ದಳು, ಬೇಕರಿಯಲ್ಲಿ ಬಾನಿತ್ಸಾ ರೊಟ್ಟಿಯ ಪದರ ಲಟ್ಟಿಸುವ ದೊಬ್ರಿಂಕಾಳ ಮಗಳು. ಶರತ್ಕಾಲದಲ್ಲೊಮ್ಮೆ ಬೋರ್ಡಿನ ಮುಂದೆ ತಡವರಿಸಿ ನಿಂತವಳಿಗೆ ಸ್ತೋಯ್ಕಾ, "ಏನೇ, ಅಮ್ಮ ಹಿಟ್ಟು ಕಲಸಿ ನಿನ್ನ ತಲೇಲೇ ಇಟ್ಟಿದಾಳಾ?" ಎಂದಿದ್ದಳು. ಕ್ಲಾಸು ಗೊಳ್ಳೆಂದಿತು. ಗಂಟೆ ಹೊಡೆಯುವಷ್ಟರಲ್ಲಿ ಸ್ತೋಯ್ಕಾ ಆ ಮಾತನ್ನು ಮರೆತಿದ್ದಳು.

ಮಾರ್ಚ್ ಎರಡನೇ ವಾರ ದೊಬ್ರಿಂಕಾ ಶಾಲೆಗೆ ಬಂದಳು. ಅವಳೂ ಸ್ತೋಯ್ಕಾಳ ಹಳೆಯ ಶಿಷ್ಯೆ. ಈಗಲೂ ಆ ಮುಖ ನೋಡಿದರೆ ಕೈಕಟ್ಟಿ ನಿಲ್ಲುತ್ತಾಳೆ.

"ಮೇಡಂ, ಮಗಳಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಸ್ಕೂಲು ಅಂದ್ರೆ ಬೆವರ್ತಾಳೆ. ಇಲ್ಲಿ ಯಾರೋ ಏನೋ ಕಾಟ ಕೊಡ್ತಿದಾರೆ. ಬೇರೆ ಸ್ಕೂಲಿಗೆ ಹಾಕ್ಲಾ ಅಂತ..."

"ಅವಳ ಕೈ ನೋಡಿದೀಯೇನೇ?" ಎಂದು ಸ್ತೋಯ್ಕಾ ಮಾತು ಕತ್ತರಿಸಿದಳು. "ಮಣಿಕಟ್ಟಿಂದ ಮೊಣಕೈವರೆಗೂ ಮಾರ್ತೆನಿತ್ಸಾ! ನನ್ನ ಕ್ಲಾಸಲ್ಲಿ ಇನ್ಯಾರಿಗೂ ಅಷ್ಟಿಲ್ಲ. ಯಾರಿಗೂ ಬೇಡವಾದವಳಿಗೆ ಅಷ್ಟೊಂದು ಯಾರು ಕಟ್ತಾರೆ?"

ದೊಬ್ರಿಂಕಾ ಹೌದೆಂದು ತಲೆಯಾಡಿಸಿದಳು. ನಿಜವೇ. ಮಾರ್ಚ್ ಒಂದರಂದು ಆ ಕೆಂಪು-ಬಿಳಿ ದಾರವನ್ನು ಒಬ್ಬರು ಇನ್ನೊಬ್ಬರ ಕೈಗೆ ಕಟ್ಟಿ ಒಳ್ಳೆಯದಾಗಲಿ ಎನ್ನುತ್ತಾರೆ. ತನಗೆ ತಾನೇ ಕಟ್ಟಿಕೊಂಡವರನ್ನು ನಮ್ಮ ಊರಿನಲ್ಲಿ ಯಾರೂ ಕಂಡಿಲ್ಲ. ಯಾರ ಕೈ ತುಂಬಿದೆಯೋ ಅವರು ಎಲ್ಲರಿಗೂ ಬೇಕಾದವರು. ಇದರಲ್ಲಿ ಅನುಮಾನಪಡುವುದಕ್ಕೇನಿದೆ?

"ಪರೀಕ್ಷೆ ಹತ್ರ ಬಂತಲ್ಲ, ಅದಕ್ಕೇ ಹೊಟ್ಟೆನೋವು. ಮಗಳು ನಿನಗೆ ಟೋಪಿ ಹಾಕ್ತಿದಾಳೆ. ಎರಡು ಬಿಗಿದು ಕಳಿಸು, ಸರಿಹೋಗ್ತಾಳೆ."

ಅಷ್ಟಕ್ಕೇ ದೊಬ್ರಿಂಕಾ ಥ್ಯಾಂಕ್ಸ್ ಹೇಳಿ ಹೋದಳು. ತಾಯಿಯ ಅನುಮಾನವನ್ನು ಒಂದು ನಿಮಿಷದಲ್ಲಿ ಕೊಂದು ಹಾಕುವುದು ದೊಡ್ಡ ಗೌರವದ ಮೇಷ್ಟರಿಗೆ ಮಾತ್ರ ಸಾಧ್ಯ.

ತಿಂಗಳ ಕೊನೆಗೆ ಶಾಲೆಯ ಅಂಗಳದ ಪ್ಲಮ್ ಮರ ಹೂಬಿಟ್ಟಿತು. ಹೂ ಕಂಡ ಮೇಲೆ ಮಾರ್ತೆನಿತ್ಸಾ ಬಿಚ್ಚಿ ಕೊಂಬೆಗೆ ಕಟ್ಟಬೇಕು. ಸ್ತೋಯ್ಕಾ ಕ್ಲಾಸನ್ನು ಹೊರಗೆ ಕರೆದುಕೊಂಡು ಬಂದಳು. ಒಂದೇ ಕೈಯಲ್ಲಿ ಗಂಟು ಬಿಚ್ಚಲಾಗದು. ಹುಡುಗಿಯರು ಜೋಡಿ ಜೋಡಿಯಾಗಿ ನಿಂತು ಒಬ್ಬರದನ್ನೊಬ್ಬರು ಬಿಚ್ಚುತ್ತ ಕಿಲಕಿಲ ಅನ್ನುತ್ತಿದ್ದರು. ನೆವೆನಾ ಮಾತ್ರ ಬುಡದ ಹತ್ತಿರ ಒಬ್ಬಳೇ ನಿಂತು ಉಗುರಿನಿಂದ ಗಂಟು ಕೆರೆಯುತ್ತಿದ್ದಳು.

"ಏ ಹಿಟ್ಟು!" ಡಾಕ್ಟರ ಮಗಳು ಕಲಿನಾ ಕೂಗಿದಳು. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು, ಸ್ತೋಯ್ಕಾಳ ಕಣ್ಮಣಿ. "ಹಲ್ಲಲ್ಲಿ ಕಟ್ಕೊಂಡಿದ್ದು ತಾನೇ? ಹಲ್ಲಲ್ಲೇ ಬಿಚ್ಕೊ!"

ಇಡೀ ಕ್ಲಾಸು ನಕ್ಕಿತು. ಆ ನಗು ಸ್ತೋಯ್ಕಾಳಿಗೆ ಗುರುತಿನದು. ತಾನು ಯಾರ ನೀರಿಳಿಸಿದಾಗಲೂ ಕೇಳಿಬರುತ್ತಿದ್ದುದು ಇದೇ ನಗು.

ಅವಳು ಹೋಗಿ ನೆವೆನಾಳ ಕೈ ಹಿಡಿದಳು. ಉಳಿದವರ ಕೈಯಲ್ಲಿ ಮಣಿಯದು, ಗೊಂಬೆಯದು, ಉಲ್ಲನ್ನಿನದು, ಬಗೆಬಗೆಯವು. ಇಲ್ಲಿದ್ದವೆಲ್ಲ ಚೌಕದ ಅಂಗಡಿಯಲ್ಲಿ ಕಂತೆ ಲೆಕ್ಕದಲ್ಲಿ ಮಾರುವ ಅದೇ ಅಗ್ಗದ ದಾರ. ಎಲ್ಲವೂ ಎಡಗೈಯಲ್ಲಿ. ಗಂಟುಗಳು ಕಲ್ಲಿನಂತೆ ಗಟ್ಟಿ, ತುದಿಗಳು ಹಲ್ಲಿಗೆ ಸಿಕ್ಕಿ ಎಳೆ ಬಿಟ್ಟಿದ್ದವು.

"ಯಾರು ಕಟ್ಟಿದ್ದು ಇದನ್ನ?"

"ನಾನೇ."

"ಯಾಕೆ?"

"ಬರಿಗೈ ನೋಡಿದ್ರೆ ಅಮ್ಮ ಅಳ್ತಾಳೆ ಅಂತ."

ಸ್ತೋಯ್ಕಾ ಎಲ್ಲರನ್ನೂ ಒಳಗೆ ಅಟ್ಟಿ ಬಾಗಿಲು ಹಾಕಿದಳು. ಕಲಿನಾ ಎದ್ದು ನಿಂತಳು, ಹೆದರಿಕೆಯಿಲ್ಲದೆ.

"ನಾನೇನು ಅವಳನ್ನ ಹೊಡೆದ್ನಾ ಮೇಡಂ? ಅವಳಿಗೆ ಯಾರೂ ಕಟ್ಟಬೇಡಿ ಅಂದೆ, ಅಷ್ಟೇ. ಕಟ್ಟಲೇಬೇಕು ಅಂತ ಕಾನೂನಿದೆಯಾ?"

"ಮತ್ತೆ ನೀವು? ನಿಮಗೆಲ್ಲ ಕೈ ಇರಲಿಲ್ವಾ?" ಎಂದು ಸ್ತೋಯ್ಕಾ ಉಳಿದವರ ಮೇಲೆ ಹರಿಹಾಯ್ದಳು. ಎಲ್ಲರೂ ಕಲಿನಾಳ ಕಡೆ ನೋಡಿದರು. ಕೊನೆಗೆ ರಾಲಿತ್ಸಾ ಎಂಬ ದಪ್ಪ ಕನ್ನಡಕದ ಹುಡುಗಿ ಬೆಂಚು ನೋಡುತ್ತ ಹೇಳಿದಳು: "ಅವಳಿಗೆ ಅಂತ ಒಂದು ತಂದಿದ್ದೆ ಮೇಡಂ. ಇನ್ನೂ ಬ್ಯಾಗಲ್ಲೇ ಇದೆ. ಕಟ್ಟಿದ್ರೆ ಆಮೇಲೆ ನನ್ನನ್ನೇ ಹಿಡ್ಕೊತಾರೆ."

ಸ್ತೋಯ್ಕಾಳಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಅವಳು ಹುಡುಕಿದ್ದು ಹರಿದ ಅಂಗಿ, ಊದಿದ ತುಟಿ. ಇಲ್ಲಿ ಯಾರೂ ಬೆರಳೆತ್ತಿರಲಿಲ್ಲ. ಒಬ್ಬಳು ಹೇಳಿದ್ದಳು, ಉಳಿದವರು ಹೆದರಿ ಸುಮ್ಮನಿದ್ದರು, ಅಷ್ಟರಲ್ಲೇ ಒಂದು ಮಗುವಿನ ಅನ್ನ ನಿದ್ದೆ ಹೋಗಿತ್ತು.

"ಹಿಟ್ಟು ಅಂತ ಹೆಸರಿಟ್ಟ ನಾಲಿಗೆ ಯಾವುದು? ಎದ್ದು ನಿಲ್ಲಲಿ!"

ಕಲಿನಾ ಕಣ್ಣರಳಿಸಿ ನೋಡಿದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ನೀವೇ ಅಲ್ವಾ ಮೇಡಂ? ಬೋರ್ಡಿನ ಹತ್ರ?"

ಸ್ತೋಯ್ಕಾ ಬೋರ್ಡಿನ ಕಡೆ ನೋಡಿದಳು; ಶರತ್ಕಾಲದ ಆ ಮಾತು ಈಗ ನೆನಪಾಯಿತು.

ಅಂದು ಸಂಜೆಯೇ ಅವಳು ಬೇಕರಿಗೆ ಹೋದಳು. ದೊಬ್ರಿಂಕಾ ಹಿಟ್ಟಿನ ಕೈಯಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ಈ ಸಲ ಅವಳು ಕೈಕಟ್ಟಲಿಲ್ಲ.

"ತಪ್ಪಾಯ್ತು ಅಂತೀರಾ? ಅವತ್ತು ಎರಡು ಬಿಗಿ ಅಂದ್ರಲ್ಲ, ಮನೆಗೆ ಹೋದೋಳೇ ಬಿಗಿದೆ. ಸುಳ್ಳು ಹೇಳ್ತೀಯಾ ಅಂತ ಬಿಗಿದೆ. ಆಮೇಲೆ ಅವಳು ಹೊಟ್ಟೆನೋವು ಅನ್ನೋದೇ ಬಿಟ್ಳು ಮೇಡಂ. ನನ್ನ ಹತ್ರ ಮಾತೇ ಬಿಟ್ಳು. ಸರಿಹೋದ್ಳು ಅಂದ್ಕೊಂಡೆ ನಾನು, ಪೆದ್ದಿ. ಹೋಗಿ ಇಲ್ಲಿಂದ. ನಿಮ್ಮ ಮುಖಕ್ಕೆ ಹಿಟ್ಟು ಎರಚೋ ಮುಂಚೆ ಹೋಗಿ."

ಆ ವಾರವೇ ನೆವೆನಾಳನ್ನು ಊರ ಹಳ್ಳದ ಸೇತುವೆಯಾಚೆಯ ಶಾಲೆಗೆ ಸೇರಿಸಿದರು.

ಸ್ತೋಯ್ಕಾ ಸಾಧುವಾದಳೆಂದು ಯಾರೂ ಭಾವಿಸಬೇಕಿಲ್ಲ. ಈಗಲೂ ಅವಳು ಸಹೋದ್ಯೋಗಿಗಳನ್ನು ಹರಿದು ಮುಕ್ಕುತ್ತಾಳೆ. ಆದರೆ ಬೋರ್ಡಿನ ಮುಂದೆ ತಡವರಿಸುವ ಮಗುವಿನ ಮೇಲೆ ಹಾಸ್ಯ ನಾಲಿಗೆಯ ತುದಿಗೆ ಬಂದರೆ ನುಂಗಿಕೊಳ್ಳುತ್ತಾಳೆ. ನುಂಗುವಾಗ ಅವಳ ಮುಖ ನೋಡುವಂತಿರುತ್ತದೆ. ಬಿಡುವಿನ ವೇಳೆಯಲ್ಲಿ ಕಾಫಿ ಬಿಟ್ಟು ಶೌಚಾಲಯದ ಎದುರಿನ ಪಡಸಾಲೆಯಲ್ಲಿ ನಿಲ್ಲುತ್ತಾಳೆ. ಕಾಟ ಕೊಡುವವರನ್ನಲ್ಲ, ಸುಮ್ಮನೆ ನೋಡುತ್ತಾ ನಿಂತವರನ್ನು ಒಬ್ಬೊಬ್ಬರನ್ನೇ ಕರೆದು ಕೇಳುತ್ತಾಳೆ: "ನಿನ್ನ ಬ್ಯಾಗಲ್ಲಿ ಯಾರಿಗೂ ಕೊಡದೆ ಉಳಿದದ್ದು ಏನಿದೆ?" ಶಿಕ್ಷಕರ ಕೋಣೆಯಲ್ಲಿ ಯಾರಾದರೂ "ಅದೆಲ್ಲ ಮಕ್ಕಳಾಟ, ಬಿಡಿ" ಎಂದರೆ ಅವರ ಕಥೆ ಮುಗಿಯಿತು.

ಮರುವರ್ಷ ಮಾರ್ಚ್ ಒಂದರಂದು ಅವಳು ಸೇತುವೆ ದಾಟಿ ಆ ಶಾಲೆಯ ಗೇಟಿನಲ್ಲಿ ನಿಂತಳು. ಕೈಯಲ್ಲಿ ತಾನೇ ಹೊಸೆದ ಮಾರ್ತೆನಿತ್ಸಾ. ನೆವೆನಾ ಗೆಳತಿಯೊಬ್ಬಳ ಜೊತೆ ಹೊರಗೆ ಬಂದಳು, ಗುರುತು ಹಿಡಿದಳು, ನಿಂತಳು. ಎಡಗೈ ಬರಿದಾಗಿತ್ತು. ಬಲಗೈಯಲ್ಲಿ ಒಂದೇ ಒಂದು ದಾರವಿತ್ತು, ಸಡಿಲವಾದ ದೊಡ್ಡ ಗಂಟು.

"ಒಂದೇನಾ?" ಎಂದಳು ಸ್ತೋಯ್ಕಾ.

"ಒಂದೇ ಮೇಡಂ. ಆದ್ರೆ ಇದು ನಾನು ಕಟ್ಕೊಂಡಿದ್ದಲ್ಲ."

ಸ್ತೋಯ್ಕಾ ತನ್ನದನ್ನು ಮುಂದೆ ಚಾಚಿದಳು. ನೆವೆನಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಿಮ್ಮದು ಬೇಡ."

ಹೇಳಿ ಗೆಳತಿಯ ಹಿಂದೆ ಓಡಿಹೋದಳು. ಸ್ತೋಯ್ಕಾ ದಾರವನ್ನು ಕೋಟಿನ ಜೇಬಿಗೆ ತುರುಕಿ ಬಸ್ ಹತ್ತಿದಳು. ಅದನ್ನು ಬೇರೆ ಯಾರಿಗೂ ಕಟ್ಟಲಿಲ್ಲ.