ರಾಡಾರ್ ಮಾವನ ಏಕಾದಶಿ

ಪಕ್ಕದ ಮನೆ ಮಾವನ ಬೋಳುತಲೆಯ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಒಂದು ತಗ್ಗು ಗೆರೆ ಇತ್ತು. ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕೂತದ್ದರಿಂದ ಆದದ್ದು. ಎಣ್ಣೆ ಹಚ್ಚಿಕೊಂಡ ದಿನ ಎಣ್ಣೆಯೆಲ್ಲ ಆ ಗೆರೆ ಹಿಡಿದು ಹರಿದು ಕಿವಿಯ ಹತ್ತಿರ ಇಳಿಯುತ್ತಿತ್ತು. ಮುಳಬಾಗಿಲಿನ ನಮ್ಮ ಬೀದಿಯ ಹೆಂಗಸರು ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮಾವನಿಗೆ ಮಾತ್ರ ಅದರ ಬಗ್ಗೆ ಭಾರಿ ಹೆಮ್ಮೆ. "ಮಠದಲ್ಲಿ ಕಾಯಿಸಿ ಮೈಮೇಲೆ ಹಾಕಿದ ಮುದ್ರೆ ನಾಲ್ಕು ದಿನಕ್ಕೆ ಅಳಿಸಿಹೋಗತ್ತೆ. ಇದು ಸರ್ಕಾರ ಹಾಕಿದ ಮುದ್ರೆ ಕಣೇ, ಹೋಗಲ್ಲ," ಎನ್ನುತ್ತಿದ್ದರು.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದಲ್ಲಿ ರಾಡಾರ್ ಮುಂದೆ ಕೂತು ವಿಮಾನಗಳಿಗೆ ದಾರಿ ಹೇಳುವ ಕೆಲಸ ಮಾಡಿ, ತೊಂಬತ್ತರ ದಶಕದಲ್ಲಿ ನಿವೃತ್ತರಾಗಿ ಹುಟ್ಟಿದ ಮನೆಗೆ ವಾಪಸು ಬಂದಿದ್ದರು. ವಿಮಾನ ಬಿಟ್ಟು ಬಂದರೂ ದಾರಿ ಹೇಳುವುದನ್ನು ಬಿಡಲಿಲ್ಲ. ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆಯಂತೆ: ಇವರು ಹೇಳಿದ್ದನ್ನು ಪೈಲಟ್ ಅಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು. ಆ ಪದ್ಧತಿಯನ್ನು ಮಾವ ಇಡೀ ಬೀದಿಯ ಮೇಲೆ ಹೇರಿದರು.

"ನಾಳೆ ಅರ್ಧ ಲೀಟರ್ ಜಾಸ್ತಿ, ನೀರು ಕಮ್ಮಿ. ಒಪ್ಪಿಸು."

ಹಾಲಿನವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅರ್ಧ ಲೀಟ್ರು ಜಾಸ್ತಿ, ನೀರು ಕಮ್ಮಿ ಸ್ವಾಮೀ," ಎಂದು ಒಪ್ಪಿಸುತ್ತಿದ್ದಳು. ಮಾರನೆಯ ದಿನ ಅರ್ಧ ಲೀಟರ್ ಜಾಸ್ತಿಯೇ ಬರುತ್ತಿತ್ತು. ಜಾಸ್ತಿಯಾದದ್ದು ಹಾಲೋ ನೀರೋ ಎಂಬುದನ್ನು ಅತ್ತೆ ಪಾತ್ರೆ ಅಲ್ಲಾಡಿಸಿಯೇ ಹೇಳುತ್ತಿದ್ದರು. ಅತ್ತೆ ಎಂದರೆ ಮಾವನ ಹೆಂಡತಿ. ಮದುವೆಯಾದ ಲಾಗಾಯ್ತು ಗಂಡ ಹೇಳಿದ್ದನ್ನೆಲ್ಲ ಚೆನ್ನಾಗಿ ಒಪ್ಪಿಸಿ, ಆಮೇಲೆ ತಮಗೆ ಬೇಕಾದ್ದನ್ನೇ ಮಾಡುವುದರಲ್ಲಿ ಪಳಗಿದವರು.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನನಗೆ ಗಾಳಿಯಿಂದ ಕರೆಂಟು ಮಾಡುವ ಒಂದು ಕಂಪನಿಯಲ್ಲಿ ಮೊದಲ ಕೆಲಸ ಸಿಕ್ಕಿತು. ಆಂಧ್ರದ ಗಡಿಯ ಕಡೆಗಿನ ಒಂದು ಗುಡ್ಡದ ಮೇಲೆ ಆರು ಗಾಳಿಯಂತ್ರ ನಿಲ್ಲಿಸುವ ಯೋಜನೆ. ಜನ ಅವನ್ನು 'ಫ್ಯಾನು' ಎನ್ನುತ್ತಿದ್ದರು, ನಾವೂ ಅದನ್ನೇ ಕಲಿತೆವು. ನಾಲ್ಕು ಫ್ಯಾನು ಇಳಿಜಾರಿನ ಸರ್ಕಾರಿ ಜಾಗದಲ್ಲಿ, ಎರಡು ಗುಡ್ಡದ ನೆತ್ತಿಯಲ್ಲಿ.

ಆ ನೆತ್ತಿ ಮಾವನ ಪಿತ್ರಾರ್ಜಿತ. ಬಂಡೆ, ಸೀತಾಫಲದ ಗಿಡ, ಹಾವು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮನೆ ಭಾಗವಾದಾಗ ಚಿಕ್ಕಪ್ಪನ ಮಗ ಇಳಿಜಾರಿನ ಒಳ್ಳೆಯ ಮಣ್ಣನ್ನೆಲ್ಲ ತಾನು ಇಟ್ಟುಕೊಂಡು ನೆತ್ತಿಯ ಕಲ್ಲನ್ನು ಇವರ ಕಡೆ ತಳ್ಳಿದ್ದನಂತೆ. ಆವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಈಗ ಕಲ್ಲಿಗೂ ಕಾಲ ಬಂದಿತ್ತು. ಮಾವ ಬೀದಿಯಲ್ಲಿ ಕಂಡಕಂಡವರಿಗೆ "ನನ್ನ ಫ್ಯಾನು, ನನ್ನ ಎರಡು ಫ್ಯಾನು," ಎಂದು ಹೇಳಿಕೊಂಡು ಓಡಾಡಿದರು. ದಾಯಾದಿಯ ಮನೆ ಮುಂದೆ ಹೋಗುವಾಗ ಅದನ್ನೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರು.

ತೊಡಕು ಬಂದದ್ದು ರಾಡಾರಿನಿಂದ. ನಮ್ಮ ಗುಡ್ಡಕ್ಕೆ ಪಶ್ಚಿಮದಲ್ಲಿ, ವಿಮಾನಗಳ ಮೇಲೆ ಕಣ್ಣಿಡುವ ಒಂದು ರಾಡಾರ್ ಕೇಂದ್ರವಿತ್ತು. ಅವರ ಒಪ್ಪಿಗೆ ಇಲ್ಲದೆ ಒಂದು ಫ್ಯಾನೂ ಏಳುವಂತಿರಲಿಲ್ಲ. ನಮ್ಮ ಮ್ಯಾನೇಜರ್ ನನ್ನನ್ನು ಕರೆದು, "ಒಪ್ಪಿಗೆ ತರೋದು ನಿಮ್ಮ ಕೆಲಸ. ಬರಲಿಲ್ಲ ಅಂದ್ರೆ ಕಂಪನಿ ಗಂಟುಮೂಟೆ ಕಟ್ಟತ್ತೆ, ನೀವೂ ಕಟ್ಟಿ," ಎಂದರು. ನಾನು ಅಳು ನುಂಗಿಕೊಂಡು ಸೀದಾ ಮಾವನ ಜಗಲಿಗೆ ಬಂದು ಕೂತೆ.

"ಅವರು ಹೇಳೋದು ಸರಿ ಕಣೇ," ಎಂದರು ಮಾವ. "ನಿಂತಿರೋದನ್ನ ಬಿಡು, ಓಡೋದನ್ನ ಮಾತ್ರ ತೋರಿಸು ಅಂತ ರಾಡಾರಿಗೆ ಹೇಳಿಕೊಟ್ಟಿರ್ತಾರೆ. ಗುಡ್ಡ, ಗೋಪುರ ಎಲ್ಲ ಅದು ಬಿಟ್ಟುಬಿಡತ್ತೆ. ಈ ಫ್ಯಾನಿನ ರೆಕ್ಕೆ ನಿಂತಲ್ಲೇ ಓಡತ್ತೆ. ಪಾಪ, ಅದು ವಿಮಾನ ಅಂದುಕೊಳ್ಳತ್ತೆ. ನಾವು ಅದಕ್ಕೆ ಗೋಸ್ಟ್ ಅಂತಿದ್ವಿ."

ನನಗೆ ಹೇಳಿದ್ದರೆ ಸಾಕಿತ್ತು. ಹಾಗೆ ಸುಮ್ಮನಿರುವ ಜೀವವೇ ಅದು? ಗುಡ್ಡದ ಕೆಳಗಿನ ಹಳ್ಳಿಗೆ ಹೋಗಿ, ಅರಳಿಕಟ್ಟೆಯ ಮೇಲೆ ನಿಂತು ಊರವರಿಗೆಲ್ಲ ಪಾಠ ಹೇಳಿದರು. "ಫ್ಯಾನು ತಿರುಗಿದ್ರೆ ಗೋಸ್ಟ್ ಕಾಣಿಸ್ತವೆ. ಗೋಸ್ಟ್ ಅಂದ್ರೆ ದೆವ್ವ. ಇಲ್ಲದ ವಿಮಾನ. ಎಲ್ರೂ ಒಪ್ಪಿಸಿ!"

ಊರಿನವರು ಒಕ್ಕೊರಲಿನಿಂದ ಒಪ್ಪಿಸಿದರು: "ಫ್ಯಾನು ತಿರುಗಿದ್ರೆ ದಯ್ಯ ಬತ್ತವೆ!"

ಕಡಪ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದಿದ್ದ ಒಬ್ಬ ಅಜ್ಜಿ ಎದೆ ಎದೆ ಬಡಿದುಕೊಂಡಳು. "ಅಯ್ಯೋ ದೇವುಡಾ! ಇರೋ ದಯ್ಯಗಳೇ ಸಾಲ್ದು ಅಂತ ಕರೆಂಟು ಹಾಕಿ ದಯ್ಯ ಕರೆಸ್ತೀರಾ?"

ಮಾವ ಎಷ್ಟು ತಿದ್ದಿದರೂ ಕೇಳುವವರಿರಲಿಲ್ಲ. "ದಯ್ಯ ಕಾಣೋದು ರಾಡಾರಿಗೆ ಕಣ್ರಪ್ಪಾ, ನಿಮಗಲ್ಲ!" ಎಂದದ್ದು ಇನ್ನೂ ಹೆದರಿಕೆಗೆ ದಾರಿಯಾಯಿತು. ಕೊನೆಗೆ ಊರಿನ ಗೌಡರು, "ಸ್ವಾಮಿ, ಸುಮ್ನೆ ಮಾತ್ಯಾಕೆ? ಫ್ಯಾನು ಹಾಕೋಕೆ ಮುಂಚೆ ಒಂದ್ ದಪ ತೋರ್ಸಿಬಿಡಿ. ರಾಡಾರಿಗೆ ಏನೂ ಕಾಣ್ಲಿಲ್ಲ ಅಂದ್ರೆ ನಾವು ಅಡ್ಡ ಬರಲ್ಲ," ಎಂದರು.

ಅಲ್ಲಿಂದ ಹುಟ್ಟಿದ್ದು ಗಾಳಿಪಟದ ಉಪಾಯ. ಆಷಾಢ ಆಗಲೇ ಶುರುವಾಗಿತ್ತು, ನಮ್ಮ ಕಡೆ ಗಾಳಿಪಟದ ಕಾಲ. ಫ್ಯಾನು ನಿಲ್ಲಬೇಕಾದ ಆರು ಜಾಗದಿಂದ ಆರು ದೊಡ್ಡ ಗಾಳಿಪಟಗಳನ್ನು ಫ್ಯಾನಿನಷ್ಟೇ ಎತ್ತರಕ್ಕೆ ಏರಿಸುವುದು. ರಾಡಾರಿಗೆ ಕಾಣಲೆಂದು ಮೈತುಂಬ ಬೇಗಡೆ ಅಂಟಿಸುವುದು. ರಾಡಾರ್ ಕೇಂದ್ರದಲ್ಲಿ ಮಾವನ ಕೈಕೆಳಗೆ ಪಳಗಿದ ಶಿಷ್ಯನೊಬ್ಬನಿದ್ದ. ಅವನು ಆ ದಿನ ಪರದೆ ನೋಡುತ್ತ ಕೂರುವುದು. ಯಾವುದು ಗುಡ್ಡದ ಮರೆಯಲ್ಲಿ ಉಳಿಯುತ್ತದೋ ಅದು ಪಾಸು, ಯಾವುದು ಕಾಣುತ್ತದೋ ಅದು ಫೇಲು. ಮಾವ ಶಿಷ್ಯನಿಗೆ ಫೋನ್ ಮಾಡಿ, "ಪ್ರಥಮ ಏಕಾದಶಿ ದಿನ. ಒಪ್ಪಿಸು," ಎಂದರು. ಅವನು ಒಪ್ಪಿಸಿದ. ಯಾವ ತಾರೀಖು ಎಂದು ಇವರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಏಕಾದಶಿಯ ಬೆಳಿಗ್ಗೆ ಮಾವ ಮಠಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು, ಹನಿ ನೀರೂ ಕುಡಿಯದೆ ಗುಡ್ಡ ಹತ್ತಿದರು. ನಾನು ಕಂಪನಿಯ ವ್ಯಾನಿನಲ್ಲಿ ಊರವರನ್ನು ಕರೆತಂದೆ, ಅವರಿಗೆ ಚಿತ್ರಾನ್ನದ ಪೊಟ್ಟಣ ಹಂಚಿದೆ. ಗೌಡರು ಪೊಟ್ಟಣ ಬಿಚ್ಚುತ್ತಾ, "ನಮ್ ತೊಲೇಕಾದಶಿ ನಿನ್ನೇನೇ ಮುಗೀತು ಸ್ವಾಮಿ, ನಿಮ್ದು ಇವತ್ತಾ?" ಎಂದರು. ಮಾವ ಅಷ್ಟಕ್ಕೇ ಖುಷಿಯಾಗಿ, ನಿನ್ನೆಗೆ ದಶಮಿಯ ಸೋಂಕು ಇತ್ತೆಂದೂ, ಅಂಥ ವರ್ಷ ಮಠದ ಪಂಚಾಂಗದವರು ಮಾರನೆಯ ದಿನ ಉಪವಾಸ ಮಾಡುತ್ತಾರೆಂದೂ ಬಂಡೆಯ ಮೇಲೆ ನಿಂತು ಪ್ರವಚನ ಕೊಟ್ಟರು. ಶಿಷ್ಯನ ಗೋಡೆಯ ಮೇಲೆ ಯಾವ ಕ್ಯಾಲೆಂಡರ್ ಇದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಗಾಳಿಪಟ ಏರಿದವು ನೋಡಿ, ಏನು ಚೆಂದ! ಆರೂ ಬೆಳ್ಳಿತಟ್ಟೆಯ ಹಾಗೆ ಹೊಳೆದವು. ನೆತ್ತಿಯ ಎರಡಕ್ಕೆ ಬಾಲಂಗೋಚಿಯಾಗಿ ಅತ್ತೆಯ ಹಳೆಯ ಸೀರೆ ಹರಿದು ಕಟ್ಟಿದ್ದೆವು. ಮಾವ ಒಣಗಿದ ಗಂಟಲಿನಲ್ಲಿ "ಎಡಕ್ಕೆ! ಇನ್ನೂ ಮೇಲೆ! ಒಪ್ಪಿಸೋ!" ಎಂದು ಕೂಗುತ್ತಿದ್ದರು, ದಾರ ಹಿಡಿದವರು ಚಿತ್ರಾನ್ನ ತುಂಬಿದ ಬಾಯಿಂದ ಒಪ್ಪಿಸುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಧೂಳೆಬ್ಬಿಸಿಕೊಂಡು ಒಂದು ಜೀಪು ಬಂತು. ರಾಡಾರ್ ಕೇಂದ್ರದ ಸಾಹೇಬರು ಇಳಿದರು, ಮುಖ ಕೆಂಡವಾಗಿತ್ತು. "ಯಾರ್ರೀ ಇದು? ಬೆಳಗ್ಗೆಯಿಂದ ಎರಡು ವಿಮಾನ ಇಲ್ಲೇ ನಿಂತುಬಿಟ್ಟಿವೆ! ಎಷ್ಟು ಕೂಗಿದ್ರೂ ಉತ್ತರ ಇಲ್ಲ!"

"ಗಾಳಿಪಟಕ್ಕೆ ಬಾಯಿ ಎಲ್ಲೈತೆ ಸ್ವಾಮಿ," ಎಂದರು ಗೌಡರು.

ಮಾವ ಮುಂದೆ ಬಂದರು. "ಎರಡೇನಾ? ಆರು ಕಾಣಲಿಲ್ವಾ?"

"ತಮಾಷೆ ಮಾಡ್ತೀರೇನ್ರೀ? ಎರಡೇ. ಅಗೋ, ಅವೆರಡು!" ಸಾಹೇಬರು ಕೈ ತೋರಿಸಿದ್ದು ನೆತ್ತಿಯ ಕಡೆಗೆ. ಮಾವ ಕೈ ಹೋದ ಕಡೆಗೇ ನೋಡುತ್ತಾ ನಿಂತರು. ಸಾಹೇಬರು ಅವೆರಡು ಗಾಳಿಪಟಗಳನ್ನು ಇಳಿಸಿ, ಜೀಪಿನ ಹಿಂದೆ ತುರುಕಿಕೊಂಡು ಹೊರಟರು. ಅತ್ತೆಯ ಸೀರೆ ಜೀಪಿನ ಹಿಂದೆ ಗುಡ್ಡದುದ್ದಕ್ಕೂ ಎಳೆದುಕೊಂಡು ಹೋಯಿತು. ಇಷ್ಟಾದರೂ ನಾವು ಅಂದುಕೊಂಡದ್ದು, ಶಿಷ್ಯ ಮೇಲಿನವರಿಗೆ ತಿಳಿಸುವುದನ್ನು ಮರೆತಿದ್ದಾನೆ ಎಂದು.

ಮಾರನೆಯ ದಿನ ದ್ವಾದಶಿ. ಮಾವ ಪಾರಣೆಗೆ ಎಲೆಯ ಮುಂದೆ ಕೂತಿದ್ದಾಗ ನಮ್ಮ ಮ್ಯಾನೇಜರ್ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದರು. "ಸಾರ್, ನಿಮ್ಮ ಶಿಷ್ಯ ಆಫೀಸಿಗೆ ಫೋನ್ ಮಾಡಿದ್ರು. ಏಕಾದಶಿ ಇಡೀ ದಿನ ಪರದೆ ನೋಡಿದ್ರಂತೆ, ಒಂದು ಚುಕ್ಕೆನೂ ಕಾಣಲಿಲ್ವಂತೆ. ಆರೂ ಪಾಸ್! ಒಪ್ಪಿಗೆ ಬಂದ ಹಾಗೇ."

ಸಾರು ಬಡಿಸುತ್ತಿದ್ದ ಅತ್ತೆಯ ಸೌಟು ನಿಂತಿತು. "ಅವನು ನೋಡಿದ್ದು ಯಾವ ಏಕಾದಶಿ?"

ಶಿಷ್ಯ ನೋಡಿದ್ದು ಕ್ಯಾಲೆಂಡರಿನ ಏಕಾದಶಿ, ನಾವು ಹಾರಿಸಿದ್ದು ಮಠದ ಏಕಾದಶಿ. ಕಾಯ್ದ ದಿನ ಗಾಳಿಪಟವಿಲ್ಲ, ಗಾಳಿಪಟವಿದ್ದ ದಿನ ಅವನು ರಜೆ. ಮ್ಯಾನೇಜರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಬಹಳ ಮೆಲ್ಲಗೆ, "ಯಾವ ಏಕಾದಶಿ ಆದ್ರೇನು ಸಾರ್, ಎರಡೂ ದೇವರದ್ದೇ ತಾನೇ? ಗಾಳಿಪಟಕ್ಕೂ ಫ್ಯಾನಿಗೂ ಸಂಬಂಧ ಇದೆ ಅಂತ ಜೀಪಿನವರಿಗೆ ಗೊತ್ತಿಲ್ಲ. ನಿಮ್ಮ ಎರಡು ಫ್ಯಾನೂ ಏಳ್ತವೆ," ಎಂದರು.

ನಾನು ಮ್ಯಾನೇಜರ್ ಬೆನ್ನ ಹಿಂದೆ ನಿಂತು ಮಾವನಿಗೆ ಕಣ್ಸನ್ನೆ ಮಾಡಿದೆ. ಸುಮ್ಮನಿದ್ದುಬಿಡಿ ಮಾವ, ದಮ್ಮಯ್ಯ ಅಂತೀನಿ.

ಮಾವ ಎಲೆಯ ಮೇಲೆ ಕೈಯಾಡಿಸುತ್ತಾ ಹೇಳಿದರು: "ಆಗ ನನಗೆ ಇನ್ನೂ ಕೆಲಸ ಹೊಸದು. ಒಂದು ಸಂಜೆ ಪರದೆ ಮೇಲೆ ಒಂದು ಚುಕ್ಕೆ ಬಂತು. ವಿಮಾನ ಅಂದ್ಕೊಂಡೆ. ಅದಕ್ಕೆ ದಾರಿ ಬಿಡೋಕೆ ಅಂತ ನಿಜವಾದ ವಿಮಾನಾನ ಆಕಾಶದಲ್ಲೇ ಸುತ್ತಿಸಿದೆ, ಸುತ್ತಿಸಿದೆ. ಚುಕ್ಕೆ ಏನೂ ಅಲ್ಲ, ಹದ್ದುಗಳ ಹಿಂಡು. ಇಳಿದ ಮೇಲೆ ಪೈಲಟ್ ಬಂದು ನನ್ನ ಬೈಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದು ಉದ್ಧರಣೆ ತೀರ್ಥದಷ್ಟು ಅಂತ ಮಾತ್ರ ಹೇಳಿದ. ನಾನು ಆವತ್ತು ಊಟ ಮಾಡಲಿಲ್ಲ." ಆಮೇಲೆ ತಲೆಯೆತ್ತಿ, "ನೆತ್ತಿಯ ಎರಡೂ ಬೇಡ. ಬರೆದುಕೊಳ್ಳಿ," ಎಂದರು.

"ಆರಿಲ್ಲದಿದ್ರೆ ಕಂಪನಿಗೆ ಗಿಟ್ಟಲ್ಲ ಸಾರ್," ಎಂದು ಹೇಳಿ ಮ್ಯಾನೇಜರ್ ಎದ್ದುಹೋದರು. ಪೇಡೆಯ ಡಬ್ಬಿಯನ್ನೂ ತೆಗೆದುಕೊಂಡೇ ಹೋದರು.

ನನಗೆ ತಡೆಯಲಾಗಲಿಲ್ಲ. "ನಿಮ್ಮ ಫ್ಯಾನೂ ಹೋಯ್ತು, ನನ್ನ ಕೆಲಸಾನೂ ಹೋಯ್ತು. ಖುಷಿಯಾಯ್ತಾ ಮಾವ?" ಎಂದು ಕೂಗಾಡಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಮಾರನೆಯ ದಿನದಿಂದ ಮಾವ ಛತ್ರಿ ಹಿಡಿದು, ಒಂದು ಕೋಲಿಗೆ ಬಟ್ಟೆಯ ಚೂರು ಕಟ್ಟಿಕೊಂಡು ಇಳಿಜಾರಿನಲ್ಲಿ ಗಾಳಿ ಹುಡುಕುತ್ತಾ ಅಲೆಯತೊಡಗಿದರು. ಜನ ಇವರಿಗೇ ಗಾಳಿ ಮೆಟ್ಟಿಕೊಂಡಿದೆ ಎಂದರು. ಕೊನೆಗೆ ಎರಡು ಬಂಡೆಗಳ ನಡುವಿನ ಕಣಿವೆಯ ಬಾಯಲ್ಲಿ, ಗುಡ್ಡದ ಮರೆಯಲ್ಲೇ, ಛತ್ರಿ ಕಿತ್ತುಕೊಂಡು ಹೋಗುವಂಥ ಗಾಳಿ ಸಿಕ್ಕಿತು. ಛತ್ರಿ ನಿಜವಾಗಿಯೂ ಹೋಯಿತು. ಆ ಜಾಗ ಯಾರದ್ದು ಅಂತೀರಿ? ಅದೇ ದಾಯಾದಿಯದ್ದು.

ಅಷ್ಟು ವರ್ಷ ಮೆಟ್ಟದ ಹೊಸಿಲಿಗೆ ಮಾವ ನನ್ನನ್ನು ಜೊತೆ ಮಾಡಿಕೊಂಡು ಹೋದರು. ಚಿಕ್ಕಪ್ಪನ ಮಗ ಬಾಗಿಲಲ್ಲೇ ನಿಂತು, "ಏನಣ್ಣಾ, ದಾರಿ ತಪ್ತಾ?" ಎಂದ.

"ನಾನು ದಾರಿ ತಪ್ಪೋನಲ್ಲ. ನಿನ್ನ ಜಮೀನಿನಲ್ಲಿ ಗಾಳಿ ಚೆನ್ನಾಗಿದೆ. ಎರಡು ಫ್ಯಾನು ಅಲ್ಲಿ ನಿಲ್ಲತ್ತೆ. ಒಪ್ಪಿಸು."

ತಮ್ಮ ಕಕ್ಕಾಬಿಕ್ಕಿಯಾಗಿ, "ನನ್ನ ಜಮೀನಿನಲ್ಲಿ ಗಾಳಿ ಚೆನ್ನಾಗಿದೆ," ಎಂದು ಒಪ್ಪಿಸಿದ. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು. ಕಾಫಿ ಕುಡಿಯದೆ ಬಿಡಲಿಲ್ಲ.

ಮನೆಗೆ ಬಂದಾಗ ಅತ್ತೆ, "ಚೆನ್ನಾಗಾಯ್ತು. ಫ್ಯಾನು ಅವರಿಗೆ, ಗಾಳಿ ನಮಗೆ," ಎಂದರು. ಆದರೂ ಹೊಸ ಜಾಗಕ್ಕೆ ಮ್ಯಾನೇಜರ್ ಹೂಂ ಅಂದ ಮೇಲೆ, ಎರಡನೇ ಸಲದ ಗಾಳಿಪಟಕ್ಕೆ ಇನ್ನೊಂದು ಸೀರೆ ಕೊಟ್ಟರು. "ಈ ಸಲ ತಿಥಿ ಬೇಡ, ತಾರೀಖು ಹೇಳಿ," ಎಂದು ಶಿಷ್ಯನಿಗೆ ಫೋನನ್ನೂ ತಾವೇ ಮಾಡಿದರು. ಆ ದಿನ ಆರೂ ಏರಿದವು, ಪರದೆಯ ಮೇಲೆ ಒಂದೂ ಕಾಣಲಿಲ್ಲ. ದಯ್ಯ ಇಲ್ಲವೆಂದು ಅಜ್ಜಿ ಒಪ್ಪಿದಳು, ಕೇಂದ್ರದವರೂ ಒಪ್ಪಿದರು, ನನ್ನ ಕೆಲಸ ಉಳಿಯಿತು. ಅದೇ ಕೆಲಸದಲ್ಲಿ ಈಗಲೂ ಅನ್ನ ಉಣ್ಣುತ್ತಿದ್ದೇನೆ.

ಫ್ಯಾನು ತಿರುಗಲು ಶುರುವಾಗಿ ಕೆಲವು ವರ್ಷಗಳಾದ ಮೇಲೆ ಮಾವನನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ಅತ್ತೆ ಔಷಧಿ ತರಲು ಹೋಗಿದ್ದರು. ಮಾವ ಅರ್ಧವಾಗಿದ್ದರು. ಅವರ ಕೈ ನನ್ನ ಕೈಯಲ್ಲಿ ಹಗುರವಾಗಿತ್ತು, ನನಗೆ ದುಃಖ ಒತ್ತರಿಸಿ ಬಂತು.

"ಗುಡ್ಡದ ಕಡೆಯಿಂದ ಬಂದ್ಯಾ?"

"ಹೂಂ ಮಾವ."

"ಆರೂ ತಿರುಗ್ತಿವೆಯಾ?"

"ತಿರುಗ್ತಿವೆ."

"ನನ್ನ ನೆತ್ತಿಯ ಮೇಲೆ?"

ಮನಸ್ಸು ತಡೆಯಲಿಲ್ಲ. ಸಾಯುವ ಮನುಷ್ಯ, ಒಂದು ಮಾತಿಗೆ ಏನು ಹೋಗುತ್ತದೆ? "ನಿಮ್ಮ ನೆತ್ತಿಯ ಮೇಲೂ ಎರಡು ತಿರುಗ್ತಿವೆ ಮಾವ," ಎಂದೆ.

ಮಾವ ಕಣ್ಣು ತೆರೆದು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು: "ಇಲ್ಲದ್ದನ್ನ ತೋರಿಸಬಾರದು ಕಣೇ. ಖಾಲಿ ಇದ್ರೆ ಖಾಲಿ ಅನ್ನು."

"ಖಾಲಿ ಇದೆ ಮಾವ," ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು.

"ಹಾಂ," ಎಂದರು ಮಾವ. "ಹಾಗಾದ್ರೆ ವಿಮಾನ ಇಳೀಬಹುದು."

ಮಾರನೆಯ ದಿನ ಬೆಳಿಗ್ಗೆ ಹೋದರು.